ಓಮ್ನಿಯಲ್ಲಿ ಆಯಿಲ್ ಲೈಟ್ ಉರಿದರೆ: ಪಂಪ್ ಬದಲಿಸುವ ಮೊದಲು ಏನೇನು ನೋಡಬೇಕು

ಮಾರುತಿ ಓಮ್ನಿ 1984ರಲ್ಲಿ ಬರೀ ‘ವ್ಯಾನ್’ ಅಂತ ಬಂದು 2019ರವರೆಗೂ ತಯಾರಾದ ಗಾಡಿ. ಸ್ಕೂಲ್ ಮಕ್ಕಳನ್ನು ಕರೆದೊಯ್ದದ್ದು, ಸಂತೆಗೆ ತರಕಾರಿ ಹೊತ್ತದ್ದು, ಊರಿನ ಆಂಬುಲೆನ್ಸ್ ಆಗಿ ಓಡಿದ್ದು ಎಲ್ಲ ಇದೇ. 796 ಸಿಸಿಯ ಮೂರು ಸಿಲಿಂಡರ್ ಇಂಜಿನ್, ಮುಂದಿನ ಸೀಟಿನ ಕೆಳಗೆ. ಸರಿಯಾಗಿ ನೋಡಿಕೊಂಡರೆ ಬಹಳ ಕಾಲ ಬರುತ್ತದೆ. ಆದರೆ ಈಗ ರಸ್ತೆಯಲ್ಲಿರುವ ಬಹುತೇಕ ಓಮ್ನಿಗಳಿಗೆ ವಯಸ್ಸಾಗಿದೆ, ಮತ್ತು ವಯಸ್ಸಾದ ಓಮ್ನಿಯ ಮಾಲೀಕರು ಒಂದಲ್ಲ ಒಂದು ದಿನ ಕೇಳುವ ಮಾತು: ‘ಆಯಿಲ್ ಪಂಪ್ ಹೋಗಿದೆ, ಚೇಂಜ್ ಮಾಡಬೇಕು.’

ಆ ಮಾತನ್ನು ತಕ್ಷಣ ಒಪ್ಪಿಕೊಳ್ಳಬೇಡಿ. ಈ ಇಂಜಿನ್‌ನಲ್ಲಿ ಪಂಪ್ ತಾನಾಗಿ ಕೆಡುವುದು ಕಮ್ಮಿ. ಡ್ಯಾಶ್‌ನಲ್ಲಿ ಆಯಿಲ್ ಒತ್ತಡ ಇಳಿದಾಗ ಬರುವ ಕೆಂಪು ಲೈಟ್ ಉರಿಯಲು ಅದಕ್ಕಿಂತ ಸಣ್ಣ ಕಾರಣಗಳೂ ಇವೆ, ಅದಕ್ಕಿಂತ ದೊಡ್ಡ ಕಾರಣಗಳೂ ಇವೆ. ಸಣ್ಣ ಕಾರಣಕ್ಕೆ ಪಂಪ್ ಬಿಚ್ಚಿದರೆ ದುಡ್ಡು ದಂಡ. ದೊಡ್ಡ ಕಾರಣಕ್ಕೆ ಬರೀ ಪಂಪ್ ಹಾಕಿದರೆ ದುಡ್ಡೂ ಹೋಯಿತು, ಸ್ವಲ್ಪ ದಿನಕ್ಕೆ ಇಂಜಿನ್ನೂ ಹೋಯಿತು. ಅದಕ್ಕೇ ಪ್ರೆಶರ್ ಗೇಜ್ ಹಾಕಿ ಅಳೆಯದೆ ಯಾರೂ ಪಂಪ್ ಬದಲಿಸಬಾರದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಪಂಪ್ ಎಲ್ಲಿದೆ, ಏನು ಮಾಡುತ್ತದೆ

ಇಂಜಿನ್‌ನ ಮುಖ್ಯ ಶಾಫ್ಟ್ ಆದ ಕ್ರ್ಯಾಂಕ್ ಶಾಫ್ಟ್‌ನ ಪುಲ್ಲಿ ಇರುವ ತುದಿಯಲ್ಲಿ, ಟೈಮಿಂಗ್ ಬೆಲ್ಟ್‌ನ ಹಿಂದೆ ಪಂಪ್ ಕೂತಿರುತ್ತದೆ. ಒಳಗೆ ಒಂದು ಸಣ್ಣ ರೋಟರ್, ಅದರ ಸುತ್ತ ಒಂದು ದೊಡ್ಡ ರೋಟರ್. ಸಣ್ಣದನ್ನು ಕ್ರ್ಯಾಂಕ್ ಶಾಫ್ಟ್ ನೇರವಾಗಿ ತಿರುಗಿಸುತ್ತದೆ. ನಡುವೆ ಚೈನ್ ಇಲ್ಲ, ಬೇರೆ ಗೇರ್ ಇಲ್ಲ. ಇಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರ್‌ನಿಂದ ಜಾಲರಿ ಮೂಲಕ ಆಯಿಲ್ ಎಳೆದು ಫಿಲ್ಟರ್‌ಗೆ ತಳ್ಳುತ್ತದೆ. ಅಲ್ಲಿಂದ ಕ್ರ್ಯಾಂಕ್‌ನ ಬೇರಿಂಗ್‌ಗಳಿಗೆ ಹೋಗಿ, ಮೇಲೆ ಹೆಡ್‌ನಲ್ಲಿರುವ ಕ್ಯಾಮ್ ಮತ್ತು ರಾಕರ್‌ಗಳನ್ನು (ವಾಲ್ವ್ ತೆರೆಯುವ ಭಾಗಗಳು) ಮುಟ್ಟುತ್ತದೆ. ಹೆಡ್ ದೂರ ಇರುವುದರಿಂದ ಆಯಿಲ್ ಕಮ್ಮಿಯಾದಾಗ ಅಲ್ಲಿ ಬೇಗ ಸದ್ದು ಶುರುವಾಗುತ್ತದೆ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಪಂಪ್ ಆಯಿಲ್ ತಳ್ಳುತ್ತದೆ ಅಷ್ಟೇ. ಒತ್ತಡ ಹುಟ್ಟುವುದು ಬೇರಿಂಗ್‌ಗಳ ಸಂದಿ ಸಣ್ಣದಾಗಿರುವುದರಿಂದ. ನೀರಿನ ಪೈಪ್‌ನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ಜೋರಾಗಿ ಚಿಮ್ಮುತ್ತದಲ್ವಾ, ಹಾಗೆ. ಬೇರಿಂಗ್ ಸವೆದು ಸಂದಿ ದೊಡ್ಡದಾದರೆ ಎಷ್ಟೇ ಹೊಸ ಪಂಪ್ ಹಾಕಿದರೂ ಒತ್ತಡ ಬರುವುದಿಲ್ಲ.

ಲೈಟ್ ಉರಿಯಿತು, ಜೊತೆಗೆ ಕೆಳಗಿನಿಂದ ‘ಠಕ್ ಠಕ್’ ಸದ್ದು

ಇದನ್ನು ಮೊದಲು ಹೇಳುವುದು ಬೇಕಂತಲೇ. ಇಲ್ಲಿ ಪರೀಕ್ಷೆ ಏನೂ ಇಲ್ಲ. ಗಾಡಿ ಎಡಕ್ಕೆ ತೆಗೆಯಿರಿ, ಇಂಜಿನ್ ಆಫ್ ಮಾಡಿ. ಇನ್ನೊಂದು ಕಿಲೋಮೀಟರ್‌ನಲ್ಲಿ ಮನೆ ಇದೆ ಅಂತ ಓಡಿಸಬೇಡಿ. ಘಾಟಿಯಲ್ಲಿ ಇಳಿಯುತ್ತಿದ್ದೀರಿ ಅಂದರೂ, ಸುರಕ್ಷಿತವಾಗಿ ನಿಲ್ಲಿಸುವ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ. ಆದರೆ ಗಾಡಿ ಓಡುತ್ತಿರುವಾಗಲೇ ಕೀ ತಿರುಗಿಸಿ ಇಂಜಿನ್ ಆರಿಸಬೇಡಿ, ಬ್ರೇಕ್ ಬೂಸ್ಟರ್ ಇರುವ ಗಾಡಿಯಲ್ಲಿ ಸ್ವಲ್ಪದರಲ್ಲೇ ಬ್ರೇಕ್ ಗಟ್ಟಿಯಾಗುತ್ತದೆ.

ಕೆಳಗಿನಿಂದ ಬರುವ ಭಾರವಾದ ಸದ್ದು, ರೇಸ್ ಕೊಟ್ಟಷ್ಟೂ ಜಾಸ್ತಿಯಾಗುವಂಥದ್ದು, ಬಿಗ್ ಎಂಡ್ ಬೇರಿಂಗ್‌ನದ್ದು, ಅಂದರೆ ಕನೆಕ್ಟಿಂಗ್ ರಾಡ್ ಕ್ರ್ಯಾಂಕ್‌ಗೆ ಸೇರುವ ಕಡೆಯದ್ದು. ಆಯಿಲ್ ಇಲ್ಲದೆ ಕೆಲವೇ ನಿಮಿಷ ಓಡಿದರೂ ಕ್ರ್ಯಾಂಕ್ ಗೀರು ಬೀಳುತ್ತದೆ, ಇನ್ನೂ ಓಡಿಸಿದರೆ ಇಂಜಿನ್ ಜಾಮ್. ಟೋ ಮಾಡಿಸುವ ಖರ್ಚು ಕ್ರ್ಯಾಂಕ್ ಗ್ರೈಂಡ್ ಮಾಡಿಸುವ ಖರ್ಚಿನ ಮುಂದೆ ಏನೂ ಅಲ್ಲ. ತಣ್ಣಗಾದ ಮೇಲೆ ಆಯಿಲ್ ಲೆವೆಲ್ ಮಾತ್ರ ನೋಡಿ. ಸದ್ದು ಇದೆಯಾ ಅಂತ ತಿಳಿಯಲು ಮತ್ತೆ ಮತ್ತೆ ಸ್ಟಾರ್ಟ್ ಮಾಡುವುದು ಬೇಡ.

ಲೈಟ್ ಉರಿಯುತ್ತಿದೆ, ಆದರೆ ಇಂಜಿನ್ ಸದ್ದು ಮಾಮೂಲು

ಇಂಜಿನ್ ಆಫ್ ಮಾಡಿ. ಸಮತಟ್ಟಾದ ಜಾಗದಲ್ಲಿ ಹತ್ತು ನಿಮಿಷ ಬಿಟ್ಟು, ಸೀಟು ಎತ್ತಿ ಡಿಪ್‌ಸ್ಟಿಕ್ ತೆಗೆಯಿರಿ. ಒರೆಸಿ, ಮತ್ತೆ ಪೂರ್ತಿ ಒಳಗೆ ಹಾಕಿ, ತೆಗೆದು ನೋಡಿ. ಆಗ ತಾನೇ ಓಡಿದ ಇಂಜಿನ್ ಸುತ್ತ ಕೈ ಹಾಕುವಾಗ ಜೋಪಾನ, ಸೀಟಿನ ಕೆಳಗೆ ಜಾಗ ಕಮ್ಮಿ, ಸೈಲೆನ್ಸರ್ ಕಡೆಯ ಭಾಗ ಮುಟ್ಟಿದರೆ ಚರ್ಮ ಅಂಟಿಕೊಳ್ಳುವಷ್ಟು ಬಿಸಿ ಇರುತ್ತದೆ.

ಲೆವೆಲ್ ಕೆಳಗಿನ ಗುರುತಿಗಿಂತ ಕಮ್ಮಿ ಇದ್ದರೆ ಅದೇ ಕಾರಣ ಇರಬಹುದು. ಅದೇ ಗ್ರೇಡ್‌ನ ಆಯಿಲ್ ಸ್ವಲ್ಪ ಸ್ವಲ್ಪವಾಗಿ ಹಾಕಿ, ಮೇಲಿನ ಗುರುತು ದಾಟಿಸಬೇಡಿ. ಆಮೇಲೆ ಆಯಿಲ್ ಎಲ್ಲಿ ಹೋಯಿತು ಅಂತ ಹುಡುಕಿ. ನೆಲದ ಮೇಲೆ ತೊಟ್ಟಿಕ್ಕಿದೆಯಾ, ಇಲ್ಲ ಸೈಲೆನ್ಸರ್‌ನಿಂದ ನೀಲಿ ಹೊಗೆಯಾಗಿ ಹೋಗುತ್ತಿದೆಯಾ?

ಡಿಪ್‌ಸ್ಟಿಕ್ ತುದಿಯ ಆಯಿಲ್ಲನ್ನು ಬೆರಳಿಗೆ ತೆಗೆದುಕೊಂಡು ಉಜ್ಜಿ ನೋಡಿ, ಮೂಸಿ ನೋಡಿ. ಕಪ್ಪಗಿದ್ದರೆ ಹೆದರಬೇಡಿ, ಓಡಿದ ಆಯಿಲ್ ಕಪ್ಪಾಗುವುದು ಸಹಜ. ಆದರೆ ನೀರಿನಂತೆ ತೆಳ್ಳಗಿದ್ದು ಪೆಟ್ರೋಲ್ ವಾಸನೆ ಬಂದರೆ, ಲೆವೆಲ್ಲೂ ತಾನಾಗಿ ಏರಿದ್ದರೆ, ಪೆಟ್ರೋಲ್ ಆಯಿಲ್‌ಗೆ ಸೇರುತ್ತಿದೆ. ಹಳೆಯ ಕಾರ್ಬುರೇಟರ್ ಇಂಜಿನ್‌ಗಳಲ್ಲಿ ಮೆಕ್ಯಾನಿಕಲ್ ಫ್ಯೂಯಲ್ ಪಂಪ್‌ನ ರಬ್ಬರ್ ಪದರ ಹರಿದರೆ ಹೀಗಾಗುತ್ತದೆ. ಹೀಗಿದ್ದಾಗ ಗಾಡಿ ಓಡಿಸಬಾರದು, ಬೆಂಕಿಯ ಅಪಾಯವೂ ಇದೆ. ಹಾಲು ಹಾಕಿದ ಕಾಫಿ ಬಣ್ಣ ಬಂದಿದ್ದರೆ ನೀರು ಸೇರಿದೆ, ಹೆಡ್ ಪ್ಯಾಕಿಂಗ್ ನೋಡಿಸಿ. ಎರಡರಲ್ಲೂ ಪಂಪ್‌ನ ತಪ್ಪೇನಿಲ್ಲ.

ಎಲ್‌ಪಿಜಿ ಹಾಕಿಸಿರುವವರಿಗೆ ಒಂದು ಮಾತು. ಗ್ಯಾಸ್‌ನಲ್ಲಿ ಓಡುವ ಇಂಜಿನ್‌ನ ಆಯಿಲ್ ಬೇಗ ಕಪ್ಪಾಗುವುದಿಲ್ಲ. ‘ಇನ್ನೂ ಚೆನ್ನಾಗಿದೆ’ ಅಂತ ಸುಮ್ನೆ ಬಿಟ್ಟುಬಿಡುತ್ತಾರೆ. ಬಣ್ಣ ನೋಡಬೇಡಿ, ಎಷ್ಟು ಕಿಲೋಮೀಟರ್ ಓಡಿದೆ ನೋಡಿ.

ಲೆವೆಲ್ ಸರಿ ಇದೆ, ಆಯಿಲ್ ಚೆನ್ನಾಗಿದೆ, ಸದ್ದಿಲ್ಲ, ಆದರೂ ಲೈಟ್ ಉರಿಯುತ್ತಿದೆ ಅಂದರೆ ಪ್ರೆಶರ್ ಸ್ವಿಚ್ ನೋಡಿ. ಬ್ಲಾಕ್‌ಗೆ ತಿರುಗಿಸಿ ಕೂರಿಸಿದ ಸಣ್ಣ ಸ್ವಿಚ್, ಅದಕ್ಕೆ ಒಂದೇ ವೈರ್. ಒತ್ತಡ ಇಲ್ಲದಾಗ ಸ್ವಿಚ್ ಆ ವೈರನ್ನು ಅರ್ಥ್ ಮಾಡುತ್ತದೆ, ಲೈಟ್ ಉರಿಯುತ್ತದೆ. ಒತ್ತಡ ಬಂದರೆ ಬಿಡುತ್ತದೆ. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ, ವೈರ್ ಕಿತ್ತು ನೋಡಿ. ವೈರ್ ಕಿತ್ತರೂ ಲೈಟ್ ಆರದಿದ್ದರೆ ವೈರ್ ಎಲ್ಲೋ ಸುಲಿದು ಬಾಡಿಗೆ ತಾಗುತ್ತಿದೆ. ಕಿತ್ತಾಗ ಆರಿದರೆ ವೈರ್ ಸರಿ, ಇನ್ನು ಸ್ವಿಚ್ ಕೆಟ್ಟಿರಬೇಕು, ಇಲ್ಲ ನಿಜಕ್ಕೂ ಒತ್ತಡ ಇಲ್ಲ. ಇದನ್ನು ತೀರ್ಮಾನಿಸುವುದು ಗೇಜ್, ಕೆಳಗೆ ಬರೆದಿದ್ದೇನೆ.

ಸ್ವಿಚ್‌ನ ಸುತ್ತ, ವೈರ್ ಸಿಕ್ಕಿಸುವ ಟೋಪಿಯ ಒಳಗೆ ಆಯಿಲ್ ಜಿನುಗಿದ್ದರೆ ಸ್ವಿಚ್ ಹೋಗಿದೆ ಅಂತಲೇ ಅರ್ಥ. ಕಮ್ಮಿ ದುಡ್ಡಿನ ಸಾಮಾನು, ಬದಲಿಸಿಬಿಡಿ.

ಕೀ ಆನ್ ಮಾಡಿದಾಗ ಲೈಟ್ ಬರುವುದೇ ಇಲ್ಲ

ಇದನ್ನು ಯಾರೂ ದೋಷ ಅಂತ ಎಣಿಸುವುದಿಲ್ಲ, ನನಗೆ ಮಾತ್ರ ಇದೇ ಜಾಸ್ತಿ ಭಯ. ಸ್ಟಾರ್ಟ್ ಆಗುವ ಮೊದಲು ಆ ಕೆಂಪು ಲೈಟ್ ಬರಲೇಬೇಕು. ಬರದಿದ್ದರೆ ಆಯಿಲ್ ಪೂರ್ತಿ ಸೋರಿಹೋದರೂ ನಿಮಗೆ ಗೊತ್ತಾಗುವುದಿಲ್ಲ. ಸ್ವಿಚ್‌ನ ವೈರ್ ಕಿತ್ತು ಬಾಡಿಗೆ ತಾಗಿಸಿ. ಲೈಟ್ ಬಂದರೆ ಸ್ವಿಚ್ ಕೆಟ್ಟಿದೆ, ಬರದಿದ್ದರೆ ಬಲ್ಬ್, ಫ್ಯೂಸ್ ಅಥವಾ ವೈರ್. ಸೆಕೆಂಡ್ ಹ್ಯಾಂಡ್ ಓಮ್ನಿ ಕೊಳ್ಳುವವರು ಇದನ್ನು ಮರೆಯದೆ ನೋಡಿ. ಲೈಟ್ ಉರಿಯುತ್ತಲೇ ಇದೆ ಅಂತ ವೈರ್ ಕಿತ್ತಿಟ್ಟು ಗಾಡಿ ಮಾರುವವರು ಇದ್ದಾರೆ.

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೇಲೆ ಲೈಟ್ ಆರುವುದು ತಡ

ಒಂದೆರಡು ಸೆಕೆಂಡ್‌ನಲ್ಲಿ ಆರಬೇಕು. ನಾಲ್ಕೈದು ಸೆಕೆಂಡ್ ತೆಗೆದುಕೊಂಡು, ಅಷ್ಟು ಹೊತ್ತು ಮೇಲಿನಿಂದ ಟಕಟಕ ಸದ್ದು ಬಂದು, ಆಮೇಲೆ ಎಲ್ಲ ಸರಿಯಾದರೆ ಫಿಲ್ಟರ್ ಮೇಲೆ ಅನುಮಾನ ಪಡಿ. ಒಳ್ಳೆಯ ಫಿಲ್ಟರ್ ಒಳಗೆ ಆಯಿಲ್ ವಾಪಸ್ ಹರಿಯದಂತೆ ತಡೆಯುವ ರಬ್ಬರ್ ವಾಲ್ವ್ ಇರುತ್ತದೆ. ಅಗ್ಗದ್ದರಲ್ಲಿ ಅದು ಬೇಗ ಗಟ್ಟಿಯಾಗುತ್ತದೆ, ರಾತ್ರಿಯೆಲ್ಲ ಆಯಿಲ್ ಕೆಳಗಿಳಿದುಹೋಗುತ್ತದೆ. ಒಳ್ಳೆಯ ಫಿಲ್ಟರ್ ಹಾಕಿ, ಆಯಿಲ್ಲೂ ಬದಲಿಸಿ. ಸುಮಾರು 3 ಲೀಟರ್ ಒಳಗೇ ಹಿಡಿಯುತ್ತದೆ, ಡಿಪ್‌ಸ್ಟಿಕ್ ನೋಡಿಕೊಂಡೇ ಹಾಕಿ.

ಫಿಲ್ಟರ್ ಬದಲಿಸಿದರೂ ತಡವಾಗುತ್ತಿದ್ದರೆ ಪಂಪ್‌ನ ರೋಟರ್ ಸವೆದಿರಬಹುದು, ಅಥವಾ ಜಾಲರಿಯ ಪೈಪ್ ಪಂಪ್‌ಗೆ ಸೇರುವ ಕಡೆ ಸೀಲ್ ಹೋಗಿ ಗಾಳಿ ಎಳೆಯುತ್ತಿರಬಹುದು.

ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಲೈಟ್ ಮಿಣುಕುತ್ತದೆ, ರೇಸ್ ಕೊಟ್ಟರೆ ಆರುತ್ತದೆ

ಹಳೆಯ ಓಮ್ನಿಗಳಲ್ಲಿ ಜಾಸ್ತಿ ಕಾಣುವ ತೊಂದರೆ ಇದು. ಸಿಗ್ನಲ್‌ನಲ್ಲಿ ನಿಂತಾಗ ಮಿಣುಕು, ಹೊರಟಾಗ ಇಲ್ಲ. ಎಷ್ಟೋ ಜನ ಇದನ್ನು ಅಭ್ಯಾಸ ಮಾಡಿಕೊಂಡುಬಿಡುತ್ತಾರೆ. ದಯವಿಟ್ಟು ಬೇಡ.

ಮೊದಲು ಐಡ್ಲಿಂಗ್ ತೀರಾ ಇಳಿದಿದೆಯಾ ನೋಡಿ. ಪೆಟ್ರೋಲ್ ಉಳಿಸಲು ಅಂತ ಸ್ಕ್ರೂ ತಿರುಗಿಸಿ ಇಂಜಿನ್ ಇನ್ನೇನು ನಿಲ್ಲುವ ಹಾಗೆ ಇಟ್ಟಿದ್ದರೆ ಪಂಪ್ ತಿರುಗುವುದೇ ನಿಧಾನ. ಆಮೇಲೆ ಆಯಿಲ್‌ನ ವಯಸ್ಸು, ಗ್ರೇಡ್. ಹೊಸ ಕಾರಿಗೆ ಬರುವ ತೀರಾ ತೆಳು ಆಯಿಲ್ ಈ ಹಳೆಯ ಇಂಜಿನ್‌ಗೆ ಬೇಡ, ನಮ್ಮ ಬಿಸಿಲಿಗೆ 20ಡಬ್ಲ್ಯೂ-40 ಹಾಕುವುದು ರೂಢಿ. ಆದರೆ ಮಿಣುಕು ಮುಚ್ಚಲು ಇನ್ನೂ ದಪ್ಪದ ಆಯಿಲ್ ಹಾಕುವುದು, ‘ಪ್ರೆಶರ್ ಏರಿಸುವ’ ಡಬ್ಬಿ ಸುರಿಯುವುದು ಬೇಡ. ಲೈಟ್ ಆರುತ್ತದೆ, ಸವೆತ ನಿಲ್ಲುವುದಿಲ್ಲ.

ಆ ಲೈಟ್ ಸಾಮಾನ್ಯವಾಗಿ ಉರಿಯುವುದು ಒತ್ತಡ 0.3ರಿಂದ 0.5 ಬಾರ್‌ಗೆ ಇಳಿದ ಮೇಲೆ. ಅಂದರೆ ಲೈಟ್ ಮಿಣುಕುವ ಹೊತ್ತಿಗೆ ಒತ್ತಡ ಆಗಲೇ ಪಾತಾಳಕ್ಕೆ ಇಳಿದಿರುತ್ತದೆ.

ಗೇಜ್ ಹಾಕಿ ಅಳೆಯುವುದು

ಸ್ವಿಚ್ ಬಿಚ್ಚಿ ಅದೇ ತೂತಿಗೆ ಮೆಕ್ಯಾನಿಕಲ್ ಗೇಜ್ ಕೂರಿಸಬೇಕು. ಒಳ್ಳೆಯ ಗ್ಯಾರೇಜ್‌ನಲ್ಲಿ ಇರುತ್ತದೆ, ಇಲ್ಲದಿದ್ದರೆ ಕೇಳಿ ತರಿಸಿ. ಆಯಿಲ್ ಹೊಸದಿರಲಿ. ತಣ್ಣಗಿದ್ದಾಗ ಒಮ್ಮೆ, ಟೆಂಪರೇಚರ್ ಮುಳ್ಳು ನಡುವಿಗೆ ಬಂದು ಚೆನ್ನಾಗಿ ಬಿಸಿಯಾದ ಮೇಲೆ ಒಮ್ಮೆ ಅಳೆಯಿರಿ. ಓಮ್ನಿಯ ಡ್ಯಾಶ್‌ನಲ್ಲಿ ಆರ್‌ಪಿಎಂ ಮೀಟರ್ ಇಲ್ಲ, ಮೆಕ್ಯಾನಿಕ್ ಹತ್ತಿರ ಇರುವ ಟ್ಯಾಕೋ ಮೀಟರ್ ಹಾಕಿಸಿ.

ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ, ಅಂದರೆ ಸುಮಾರು 0.7 ಬಾರ್, ಇರಬೇಕು ಅನ್ನುವುದು ಮೆಕ್ಯಾನಿಕ್‌ಗಳ ಹಳೆಯ ಲೆಕ್ಕ. ಬಿಸಿ ಇಂಜಿನ್‌ನಲ್ಲಿ 3000 ಆರ್‌ಪಿಎಂಗೆ 3 ಬಾರ್ ಅಥವಾ ಸ್ವಲ್ಪ ಮೇಲೆ ಬಂದರೆ ಪಂಪ್ ಮುಟ್ಟಬೇಡಿ, ಸ್ವಿಚ್ ಬದಲಿಸಿ ಓಡಿಸಿ. 2 ಬಾರ್‌ಗಿಂತ ಕೆಳಗಿದ್ದರೆ ಕೆಲಸ ಇದೆ.

ಇನ್ನು ಮುಳ್ಳು ಹೇಗೆ ಆಡುತ್ತದೆ ನೋಡಿ, ರೋಗ ಗೊತ್ತಾಗುವುದು ಅಲ್ಲೇ. ತಣ್ಣಗಿದ್ದಾಗ ಚೆನ್ನಾಗಿದ್ದು ಬಿಸಿಯಾದಂತೆ ಇಳಿದುಹೋದರೆ, ಬೇರಿಂಗ್ ಸಂದಿ ದೊಡ್ಡದಾಗಿರುವ ಸಂಭವ ಜಾಸ್ತಿ. ತಣ್ಣಗಿರುವಾಗಲೂ ಕಮ್ಮಿ, ರೇಸ್ ಕೊಟ್ಟರೂ ಏಳುವುದಿಲ್ಲ ಅಂದರೆ ಪಂಪ್, ಇಲ್ಲ ಪಂಪ್ ಒಳಗಿನ ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರಿದಾಗ ಆಯಿಲ್ ಬಿಡುವ ವಾಲ್ವ್) ಕಸ ಸಿಕ್ಕಿ ತೆರೆದೇ ಉಳಿದಿದೆ. ಐಡ್ಲಿಂಗ್‌ನಲ್ಲಿ ಸರಿ ಇದ್ದು ರೇಸ್ ಕೊಟ್ಟಾಗ ಏರಿ ಆಮೇಲೆ ಕುಸಿದರೆ ಜಾಲರಿ ಕಟ್ಟಿಕೊಂಡಿದೆ, ಪಂಪ್ ಕೇಳಿದಷ್ಟು ಆಯಿಲ್ ಸಿಗುತ್ತಿಲ್ಲ. ಮುಳ್ಳು ನಡುಗುತ್ತಿದ್ದರೆ ಗಾಳಿ ಎಳೆಯುತ್ತಿದೆ.

ಮೇಲಿನಿಂದ ಟಕಟಕ ಸದ್ದು, ಲೈಟ್ ಇಲ್ಲ

ಒತ್ತಡ ಸರಿ ಇದ್ದರೆ ಇದು ಟ್ಯಾಪೆಟ್ ಸದ್ದು, ಅಂದರೆ ವಾಲ್ವ್‌ಗೂ ರಾಕರ್‌ಗೂ ನಡುವಿನ ಸಂದಿಯದ್ದು. ಈ ಇಂಜಿನ್‌ನ ಟ್ಯಾಪೆಟ್ ಸ್ಕ್ರೂನಿಂದ ಅಡ್ಜಸ್ಟ್ ಮಾಡುವಂಥದ್ದು. ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಹಾಕಿ ಸರಿ ಮಾಡಿಸಿ, ಮುಗಿಯಿತು.

ಕಲ್ಲಿಗೆ ಚೇಂಬರ್ ಬಡಿದ ಮೇಲೆ ಶುರುವಾಯಿತು

ತೋಟದ ದಾರಿ, ಕಾಮಗಾರಿ ನಡೆಯುತ್ತಿರುವ ರಸ್ತೆ, ಎತ್ತರದ ಹಂಪ್‌ಗಳಲ್ಲಿ ಚೇಂಬರ್‌ಗೆ ಪೆಟ್ಟು ಬೀಳುತ್ತದೆ. ಸೋರದಿದ್ದರೆ ಏನೂ ಆಗಿಲ್ಲ ಅಂದುಕೊಳ್ಳುತ್ತೇವೆ. ಆದರೆ ಚೇಂಬರ್ ಒಳಕ್ಕೆ ತಗ್ಗಾದರೆ ಅದರ ತಳ ಜಾಲರಿಯ ಬಾಯಿಗೆ ತೀರಾ ಹತ್ತಿರ ಬರುತ್ತದೆ, ಆಯಿಲ್ ಎಳೆಯಲು ದಾರಿಯೇ ಇರುವುದಿಲ್ಲ. ಚೇಂಬರ್ ಇಳಿಸಿ, ತಗ್ಗು ಸರಿ ಮಾಡಿಸಿ ಇಲ್ಲ ಬೇರೆ ಹಾಕಿ.

ಚೇಂಬರ್ ಇಳಿಸಿದಾಗ ಏನು ನೋಡಬೇಕು

ಗಾಡಿಯ ಕೆಳಗೆ ಹೋಗುವಾಗ ಬರೀ ಜ್ಯಾಕ್ ನಂಬಬೇಡಿ. ಎರಡು ಸ್ಟ್ಯಾಂಡ್, ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು, ಗಟ್ಟಿ ನೆಲ. ಬ್ಯಾಟರಿಯ ನೆಗೆಟಿವ್ ಕಳಚಿ. ಎಲ್‌ಪಿಜಿ ಇದ್ದರೆ ಸಿಲಿಂಡರ್‌ನ ವಾಲ್ವ್ ಮುಚ್ಚಿ. ಆಯಿಲ್ ಕುದಿಯುವಷ್ಟು ಬಿಸಿ ಇರುವಾಗ ಬೋಲ್ಟ್ ಬಿಚ್ಚಬೇಡಿ, ಬೆಚ್ಚಗಿದ್ದರೆ ಸಾಕು.

ಜಾಲರಿ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿಯಿರಿ. ಆಯಿಲ್ ಬದಲಿಸದೆ ಓಡಿಸಿದ ಇಂಜಿನ್‌ನಲ್ಲಿ ಕರೀ ಮಡ್ಡಿ ಜಾಲರಿಯ ಕಣ್ಣುಗಳಿಗೆ ಮೆತ್ತಿಕೊಂಡಿರುತ್ತದೆ. ಉಗುರಲ್ಲಿ ಕೆರೆದರೆ ಗ್ರೀಸ್ ತರಹ ಎದ್ದು ಬರುತ್ತದೆ. ಅದರ ನಡುವೆ ಹಳೆಯ ಪ್ಯಾಕಿಂಗ್‌ನ ಚೂರು, ಯಾರೋ ಹಿಂದೆ ಜಾಸ್ತಿ ಹಚ್ಚಿದ ಸಿಲಿಕಾನ್ ಪೇಸ್ಟ್‌ನ ಹುಳದಂಥ ಎಳೆಗಳು ಸಿಗುತ್ತವೆ. ಒಂದು ಎಳೆ ಸಾಕು ಜಾಲರಿ ಕಟ್ಟಲು. ಇಷ್ಟೇ ಆಗಿದ್ದರೆ ತೊಳೆದು ಹಾಕಿ, ಗೇಜ್ ಹಾಕಿ ಮತ್ತೆ ಅಳೆಯಿರಿ.

ಚೇಂಬರ್ ತಳದಲ್ಲಿ ಮಿನುಗುವ ಪುಡಿ ಇದೆಯಾ? ಹಳೆಯ ಫಿಲ್ಟರ್ ಕತ್ತರಿಸಿ, ಕಾಗದದ ಮಡಿಕೆ ಬಿಡಿಸಿ, ಅಲ್ಲೂ ನೋಡಿ. ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಕಬ್ಬಿಣ. ಅಂಟದ ಬೆಳ್ಳಿ ಬಣ್ಣದ, ತಾಮ್ರದ ಬಣ್ಣದ ಚೂರುಗಳಿದ್ದರೆ ಬೇರಿಂಗ್ ಮೇಲೆ ಅನುಮಾನ ಗಟ್ಟಿ. ಪ್ರತಿ ಕನೆಕ್ಟಿಂಗ್ ರಾಡ್ ಹಿಡಿದು ಆಡಿಸಿ. ಪಕ್ಕಕ್ಕೆ ಸ್ವಲ್ಪ ಆಡಿದರೆ ಸರಿಯೇ, ಮೇಲೆ ಕೆಳಗೆ ಕಟಕಟ ಅಂದರೆ ಬೇರಿಂಗ್ ಮುಗಿದಿದೆ. ಇಲ್ಲಿಂದ ಮುಂದೆ ಅದು ಇಂಜಿನ್ ಕೆಲಸ, ಅನುಭವ ಇರುವ ಮೆಕ್ಯಾನಿಕ್ ಕೈಗೆ ಕೊಡಿ.

ಪುಲ್ಲಿ ಹಿಂದಿನಿಂದ ಆಯಿಲ್ ಸೋರುತ್ತಿದೆ

ಕ್ರ್ಯಾಂಕ್‌ನ ಮುಂದಿನ ಆಯಿಲ್ ಸೀಲ್ ಕೂರುವುದು ಪಂಪ್‌ನ ಬಾಡಿಯಲ್ಲೇ. ಅದು ಗಟ್ಟಿಯಾಗಿ ಸೋರಿದರೆ ಆಯಿಲ್ ಟೈಮಿಂಗ್ ಬೆಲ್ಟ್ ಮೇಲೆ ಬಿದ್ದು ಬೆಲ್ಟ್ ಹಾಳಾಗುತ್ತದೆ. ಹಾಗಾಗಿ ಸೀಲ್ ಜೊತೆ ಬೆಲ್ಟ್ ಬದಲಿಸಿ. ಒತ್ತಡ ಸರಿ ಇದ್ದರೆ ಪಂಪ್ ಬೇಡ.

ಪಂಪ್ ಬದಲಿಸಲೇಬೇಕು ಅಂತಾದರೆ

ಕೆಲಸದ ಕ್ರಮ ಹೀಗೆ: ಆಯಿಲ್ ಇಳಿಸು, ಹೊರಗಿನ ಬೆಲ್ಟ್ ಮತ್ತು ಕ್ರ್ಯಾಂಕ್ ಪುಲ್ಲಿ ತೆಗೆ, ಟೈಮಿಂಗ್ ಕವರ್ ತೆಗೆ, ಗುರುತುಗಳನ್ನು ಸೇರಿಸಿಟ್ಟು ಬೆಲ್ಟ್ ಮತ್ತು ಟೆನ್ಶನರ್ ತೆಗೆ, ಕ್ರ್ಯಾಂಕ್‌ನ ಹಲ್ಲಿನ ಚಕ್ರ ಎಳೆ, ಚೇಂಬರ್ ಮತ್ತು ಜಾಲರಿ ಇಳಿಸು, ಆಮೇಲೆ ಪಂಪ್. ಓಮ್ನಿಯಲ್ಲಿ ಜಾಗ ಇಕ್ಕಟ್ಟು, ಇಂಜಿನ್ ಕೆಳಗಿಳಿಸಿಯೇ ಮಾಡುವ ಮೆಕ್ಯಾನಿಕ್‌ಗಳೂ ಇದ್ದಾರೆ. ಟೈಮಿಂಗ್ ಬೆಲ್ಟ್ ಕೂರಿಸಿ ಗೊತ್ತಿಲ್ಲದವರು ಇದನ್ನು ಮನೆಯಲ್ಲಿ ಮೊದಲ ಪ್ರಯೋಗವಾಗಿ ಮಾಡಬೇಡಿ.

ಬಿಚ್ಚಿದ ಪಂಪ್ ನಿಜಕ್ಕೂ ಸವೆದಿದೆಯಾ ಅಂತ ನಿಮ್ಮ ಕಣ್ಣೆದುರೇ ಅಳೆಸಿ. ಪಂಪ್‌ನ ಮುಖದ ಮೇಲೆ ನೇರ ಪಟ್ಟಿ ಇಟ್ಟು, ಪಟ್ಟಿಗೂ ರೋಟರ್‌ಗೂ ನಡುವೆ ಫೀಲರ್ ಗೇಜ್ ತೂರಿಸಬೇಕು. ಸುಝುಕಿಯ ಈ ಬಗೆಯ ಪಂಪ್‌ಗಳಲ್ಲಿ ಅಲ್ಲಿ ಸುಮಾರು 0.15 ಮಿಲಿಮೀಟರ್, ಹೊರಗಿನ ರೋಟರ್‌ಗೂ ಬಾಡಿಗೂ ನಡುವೆ ಸುಮಾರು 0.3 ಮಿಲಿಮೀಟರ್ ಮಿತಿ. ದಾಟಿದ್ದರೆ, ಅಥವಾ ಒಳಗೆ ಉಗುರಿಗೆ ಸಿಗುವಷ್ಟು ಗೀರು ಇದ್ದರೆ ಹೊಸದು ಹಾಕಿ. ರಿಲೀಫ್ ವಾಲ್ವ್‌ನ ಪ್ಲಂಜರ್ ಎಣ್ಣೆ ಹಚ್ಚಿದರೆ ಸಲೀಸಾಗಿ ಜಾರಬೇಕು.

ಹೊಸ ಪಂಪ್ ಕೂರಿಸುವಾಗ ಜನ ಜಾಸ್ತಿ ಬಿಡುವುದು ಒಂದನ್ನೇ: ಒಳಗೆ ಆಯಿಲ್ ತುಂಬುವುದು. ಒಣ ಪಂಪ್ ಆಯಿಲ್ ಎಳೆಯಲು ಒದ್ದಾಡುತ್ತದೆ, ಅಷ್ಟರಲ್ಲಿ ಬೇರಿಂಗ್ ಒಣಗಿ ಓಡುತ್ತದೆ. ರೋಟರ್‌ಗಳ ನಡುವೆ ಇಂಜಿನ್ ಆಯಿಲ್ ತುಂಬಿ, ಕೈಯಲ್ಲಿ ತಿರುಗಿಸಿ, ಮತ್ತೆ ತುಂಬಿ. ಚಕ್ರಕ್ಕೆ ಹಾಕುವ ಗ್ರೀಸ್ ತುಂಬಬೇಡಿ, ಅದು ಬೇಗ ಕರಗದೆ ದಾರಿ ಕಟ್ಟುತ್ತದೆ. ಸೀಲ್‌ನ ತುಟಿಗೂ ಆಯಿಲ್ ಹಚ್ಚಿ, ಕ್ರ್ಯಾಂಕ್ ಮೇಲೆ ತಳ್ಳುವಾಗ ತುಟಿ ಮಡಚದಂತೆ ನೋಡಿಕೊಳ್ಳಿ. ಹೊಸ ಪ್ಯಾಕಿಂಗ್ ಕೆಳಗೆ ಚಾಚಿಕೊಂಡಿದ್ದರೆ ಬ್ಲೇಡ್‌ನಿಂದ ಸಮ ಮಾಡಿ, ಇಲ್ಲದಿದ್ದರೆ ಚೇಂಬರ್ ಸೋರುತ್ತದೆ. ಬೋಲ್ಟ್‌ಗಳು ಸಣ್ಣವು, ಅಲ್ಯೂಮಿನಿಯಂ ಬಾಡಿ. ಸುಮಾರು 1 ಕೆಜಿ-ಮೀಟರ್ ಟಾರ್ಕ್ ಸಾಕು. ಬೆಲ್ಟ್ ಹಾಕಿದ ಮೇಲೆ ಇಂಜಿನ್ನನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ ಗುರುತು ಮತ್ತೆ ಸೇರುತ್ತದಾ ನೋಡಿ.

ಸ್ಟಾರ್ಟ್ ಮಾಡುವ ಮೊದಲು ಪ್ಲಗ್‌ಗಳನ್ನು ಬಿಚ್ಚಿ, ಇಗ್ನಿಷನ್ ಕಾಯಿಲ್‌ನ ಕನೆಕ್ಷನ್ ಕಳಚಿ, ಪೆಟ್ರೋಲ್ ಸಿಡಿಯದಂತೆ ಬಂದ್ ಮಾಡಿ, ಲೈಟ್ ಆರುವವರೆಗೆ ಸೆಲ್ಫ್ ಹೊಡೆಯಿರಿ. ಒಮ್ಮೆಗೆ ಹತ್ತು ಸೆಕೆಂಡ್‌ಗಿಂತ ಜಾಸ್ತಿ ಬೇಡ, ನಡುವೆ ಸೆಲ್ಫ್ ಮೋಟರ್‌ಗೆ ವಿರಾಮ ಕೊಡಿ. ಹತ್ತಿರ ಬೀಡಿ, ಸಿಗರೇಟ್ ಯಾರೂ ಹಚ್ಚಬಾರದು. ಲೈಟ್ ಆರಿದ ಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ, ರೇಸ್ ಕೊಡಬೇಡಿ. ಸ್ಟಾರ್ಟ್ ಆಗಿ ಐದು ಸೆಕೆಂಡ್‌ನಲ್ಲಿ ಲೈಟ್ ಆರದಿದ್ದರೆ ಆಫ್ ಮಾಡಿ.

ಹೊಸ ಪಂಪ್ ಹಾಕಿದರೂ ಮಿಣುಕು ಹೋಗಲಿಲ್ಲ

ಮತ್ತೆ ಗೇಜ್ ಹಾಕಿ. ತಣ್ಣಗೆ ಸರಿ, ಬಿಸಿಗೆ ಕಮ್ಮಿ ಅಂತಲೇ ಬಂದರೆ ಇನ್ನೊಂದು ಪಂಪ್ ಹಾಕಬೇಡಿ, ಬೇರಿಂಗ್ ಬಿಚ್ಚಿಸಿ. ಕ್ರ್ಯಾಂಕ್ ಇನ್ನೂ ಗೀರು ಬೀಳದಿದ್ದರೆ ಬೇರಿಂಗ್ ಮಾತ್ರ ಬದಲಿಸಿ ಮುಗಿಸಬಹುದು. ಗೀರು ಬಿದ್ದಿದ್ದರೆ ಲೇತ್‌ನಲ್ಲಿ ಅಳೆಸಿ, ಗ್ರೈಂಡ್ ಮಾಡಿಸಿ, ಅಂಡರ್‌ಸೈಜ್ ಬೇರಿಂಗ್ ಹಾಕಬೇಕು. ಆಗ ಖರ್ಚಿನ ಪಟ್ಟಿಯನ್ನು ಬರೆಸಿಕೊಂಡು, ಗಾಡಿಯ ಬಾಡಿ ತುಕ್ಕು ಹಿಡಿದಿದೆಯಾ, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಎಷ್ಟು ದಿನ ಇದೆ ಅನ್ನುವುದನ್ನೂ ಸೇರಿಸಿ ತೂಗಿ ನೋಡಿ. ಬಾಡಿ ಗಟ್ಟಿ ಇದ್ದರೆ ಮಾಡಿಸುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಲೋಹದ ಪುಡಿ ಸಿಕ್ಕಿದ್ದ ಇಂಜಿನ್ ಆದರೆ ಆಯಿಲ್ ದಾರಿಗಳನ್ನೆಲ್ಲ ಗಾಳಿ ಹೊಡೆದು ತೊಳೆಸಿ, ಮೊದಲ 500 ಕಿಲೋಮೀಟರ್‌ಗೇ ಆಯಿಲ್ ಮತ್ತು ಫಿಲ್ಟರ್ ಮತ್ತೊಮ್ಮೆ ಬದಲಿಸಿ. ಇಳಿಸಿದ ಹಳೆಯ ಆಯಿಲ್ ಚರಂಡಿಗೋ ತೋಟದ ಬದುವಿಗೋ ಸುರಿಯಬೇಡಿ, ಡಬ್ಬಿಯಲ್ಲಿ ತುಂಬಿ ಹಳೆಯ ಆಯಿಲ್ ಕೊಳ್ಳುವವರಿಗೆ ಕೊಡಲು ಗ್ಯಾರೇಜ್‌ನಲ್ಲೇ ಬಿಡಿ.